ಎಲ್ಲರೂ ಒಟ್ಟಿಗೆ ಹೊರಡೋದಾ, ಒಬ್ಬರು ಮೊದಲು ಹೋಗೋದಾ, ಇಲ್ಲೇ ಉಳಿಯೋದಾ?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಗಂಡ ಹೆಂಡತಿ ಬಂದಿದ್ದರು. ಎರಡು ರಸ್ತೆ ಆಚೆ ಇರುವವರು. ಗಂಡನಿಗೆ ದುಬೈಯಲ್ಲಿ ಕೆಲಸ ಸಿಕ್ಕಿದೆ, ಆರು ವಾರದಲ್ಲಿ ಹೋಗಿ ಸೇರಬೇಕು. ಮಗ ಒಂಬತ್ತನೇ ಕ್ಲಾಸು. ಆಕೆಗೆ ಇಲ್ಲಿ ಬ್ಯಾಂಕಿನಲ್ಲಿ ಕೆಲಸ. "ಎಲ್ಲರೂ ಒಟ್ಟಿಗೆ ಹೋಗಿಬಿಡೋಣ ಅಂತಾರೆ ಇವರು. ನೀವು ಮೊದಲು ಹೋಗಿ, ಆಮೇಲೆ ನಾವು ಬರ್ತೀವಿ ಅಂತ ನಾನು. ನಮ್ಮತ್ತೆ ಮಾತ್ರ, ಅವನೊಬ್ಬನೇ ಎರಡು ವರ್ಷ ದುಡಿದು ಬರಲಿ, ನೀವ್ಯಾಕೆ ಹೋಗಬೇಕು ಅಂತಾರೆ. ನೀವೇ ಹೇಳಿ ಅಣ್ಣಾ," ಅಂದರು ಆಕೆ. ಅದರ ಹಿಂದಿನ ವಾರವಷ್ಟೇ ನನ್ನ ತಂಗಿಯ ನಾದಿನಿ ಫೋನ್ ಮಾಡಿ ಇದನ್ನೇ ಕೇಳಿದ್ದಳು. ಅವರದು ಸಿಂಗಾಪುರ.

ನಮ್ಮನ್ನು ಕೇಳುವುದಕ್ಕೆ ಕಾರಣ ಇದೆ. ನಾವು ಜರ್ಮನಿಯ ಮ್ಯೂನಿಕ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದವರು. ಕೆಲಸ ಸಿಕ್ಕಿದ್ದು ನನ್ನ ಹೆಂಡತಿಗೆ. ಅವಳು ಸೆಪ್ಟೆಂಬರ್‌ನಲ್ಲಿ ಹೋದಳು. ನಾನು, ಎರಡನೇ ಕ್ಲಾಸಿನ ಮಗಳು, ನನ್ನ ಅಮ್ಮ ಇಲ್ಲೇ ಇದ್ದೆವು. ಏಪ್ರಿಲ್‌ನಲ್ಲಿ ನಾನು ಮಗಳನ್ನು ಕರೆದುಕೊಂಡು ಹೋದೆ. ಅಮ್ಮ ಇಲ್ಲೇ ಉಳಿದರು. ಹಾಗಾಗಿ ಬಿಟ್ಟು ಹೋಗುವುದು, ಬಿಟ್ಟವರಿಗೆ ಕಾಯುವುದು, ಎರಡೂ ನನಗೆ ಗೊತ್ತು.

ಇಂಥ ಮನೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ನೋಡಿದ್ದೇನೆ. ಲೆಕ್ಕವನ್ನು ಕೆಲಸಕ್ಕೆ ಸೇರುವ ತಾರೀಕಿನಿಂದ ಶುರು ಮಾಡುತ್ತಾರೆ. ಸಂಬಳ ಇಷ್ಟು, ತಾರೀಕು ಇದು, ಇನ್ನು ಉಳಿದವರೆಲ್ಲ ಅದಕ್ಕೆ ಹೊಂದಿಕೊಳ್ಳಬೇಕು. ಇದನ್ನು ತಿರುಗಿಸಿ. ಮನೆಯಲ್ಲಿ ಈ ಬದಲಾವಣೆ ಯಾರಿಗೆ ಎಲ್ಲರಿಗಿಂತ ಕಷ್ಟವೋ ಅವರಿಂದ ಲೆಕ್ಕ ಶುರು ಮಾಡಿ. ಅದು ಮಗು ಇರಬಹುದು, ಕೆಲಸ ಬಿಡಬೇಕಾದ ಹೆಂಡತಿಯೋ ಗಂಡನೋ ಇರಬಹುದು, ವಯಸ್ಸಾದ ಅಮ್ಮ ಇರಬಹುದು.

ಮೊದಲು ಏನೇನು ನೋಡಬೇಕು

ಮಗುವಿನ ಕ್ಲಾಸು ಯಾವುದು? ಇದೇ ಎಲ್ಲಕ್ಕಿಂತ ದೊಡ್ಡದು. ಮೂರನೇ ಕ್ಲಾಸಿನವರೆಗೆ ಯಾವ ತಿಂಗಳು ಬೇಕಾದರೂ ಹೋಗಿ, ಮಕ್ಕಳು ಹೊಂದಿಕೊಳ್ಳುತ್ತಾರೆ. ನಾಲ್ಕರಿಂದ ಏಳರವರೆಗೆ ಅಲ್ಲಿನ ಭಾಷೆ ಯಾವುದು ಅನ್ನುವುದು ಮುಖ್ಯ. ಇಂಗ್ಲಿಷ್ ದೇಶವಾದರೆ ಅಷ್ಟು ತೊಂದರೆ ಇಲ್ಲ. ಜರ್ಮನಿಯಂಥ ಕಡೆ ಯೋಚನೆ ಬೇಕು. ನಾವಿದ್ದ ಬವೇರಿಯಾ ರಾಜ್ಯದಲ್ಲಿ ನಾಲ್ಕನೇ ಕ್ಲಾಸಿನ ಅಂಕ ನೋಡಿಯೇ ಮಕ್ಕಳನ್ನು ಬೇರೆ ಬೇರೆ ಬಗೆಯ ಹೈಸ್ಕೂಲಿಗೆ ಕಳಿಸುತ್ತಾರೆ. ಯೂನಿವರ್ಸಿಟಿಗೆ ನೇರ ದಾರಿಯಾದ ಗಿಮ್ನಾಜಿಯಂಗೆ ಮೂರು ವಿಷಯಗಳ ಸರಾಸರಿ 2.33 ಅಥವಾ ಅದಕ್ಕಿಂತ ಒಳ್ಳೆಯದಿರಬೇಕು. ಅಲ್ಲಿ 1 ಅಂದರೆ ಮೇಲು, 6 ಅಂದರೆ ಕೆಳಗು. ಆ ಮೂರರಲ್ಲಿ ಜರ್ಮನ್ ಭಾಷೆಯೂ ಒಂದು. ಮಗು ಮೂರೂವರೆ ಕ್ಲಾಸು ಮುಗಿಸಿ ಅಲ್ಲಿ ಇಳಿದರೆ ಎಷ್ಟು ಒತ್ತಡ ಅಂತ ಯೋಚಿಸಿ. ಆಮೇಲೆ ಶಾಲೆ ಬದಲಿಸುವ ದಾರಿಗಳಿವೆ, ಆದರೆ ಮಗುವಿಗೆ ಆ ವಯಸ್ಸಿನಲ್ಲಿ ಅದು ತಿಳಿಯುವುದಿಲ್ಲ.

ಒಂಬತ್ತರಿಂದ ಹನ್ನೆರಡರವರೆಗೆ ಮಗುವನ್ನು ಅಲುಗಾಡಿಸುವ ಮೊದಲು ಹತ್ತು ಸಲ ಯೋಚಿಸಿ. ಸಿಬಿಎಸ್‌ಇಯಲ್ಲಿ ಬೋರ್ಡ್ ಪರೀಕ್ಷೆಗೆ ಒಂಬತ್ತು ಮತ್ತು ಹನ್ನೊಂದನೇ ಕ್ಲಾಸಿನಲ್ಲೇ ನೋಂದಣಿ ಆಗಿಬಿಡುತ್ತದೆ. ಹತ್ತಕ್ಕೆ ಅಥವಾ ಹನ್ನೆರಡಕ್ಕೆ ಶಾಲೆ ಬದಲಿಸಬೇಕೆಂದರೆ ಬೋರ್ಡಿನ ಒಪ್ಪಿಗೆ ಬೇಕು.

ಶಾಲೆ ಶುರುವಾಗುವ ತಿಂಗಳನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ವರ್ಷ ಮಾರ್ಚ್, ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ದುಬೈ ಇರುವ ಯುಎಇ ದೇಶದ ಭಾರತೀಯ ಪಠ್ಯದ ಶಾಲೆಗಳು ಏಪ್ರಿಲ್‌ನಲ್ಲೇ ಶುರು, ಅದು ನಮಗೆ ಸರಿಯಾಗಿ ಕೂಡುತ್ತದೆ. ಬ್ರಿಟನ್ನಿನಲ್ಲಿ ಸೆಪ್ಟೆಂಬರ್, ಅಮೆರಿಕದಲ್ಲಿ ಹೆಚ್ಚಿನ ಕಡೆ ಆಗಸ್ಟ್, ಬವೇರಿಯಾದಲ್ಲಿ ಸೆಪ್ಟೆಂಬರ್ ಮಧ್ಯ. ಸಿಂಗಾಪುರದ ಸರ್ಕಾರಿ ಶಾಲೆಗಳು ಜನವರಿಯಲ್ಲಿ.

ಜೊತೆಗೆ ಹೋಗುವವರಿಗೆ ಅಲ್ಲಿ ಕೆಲಸ ಮಾಡಲು ಬಿಡುತ್ತಾರಾ? ಇದನ್ನು ಕೇಳದೆಯೇ ರಾಜೀನಾಮೆ ಕೊಟ್ಟವರನ್ನು ನಾನು ನೋಡಿದ್ದೇನೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದವರಿಗೆ ಕೊಡುವ ಕೆಲಸದ ಪರವಾನಗಿ, ಇದ್ದವರ ಗಂಡ ಅಥವಾ ಹೆಂಡತಿ ಯಾವ ಕೆಲಸ ಬೇಕಾದರೂ ಮಾಡಬಹುದು. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲೂ ಮಾಡಬಹುದು. ಅಮೆರಿಕದಲ್ಲಿ ಎರಡು ಬಗೆ. ಕಂಪನಿಯೇ ವರ್ಗ ಮಾಡಿ ಎಲ್-1 ವೀಸಾದಲ್ಲಿ ಕಳಿಸಿದರೆ ಎಲ್-2ರಲ್ಲಿ ಹೋಗುವ ಸಂಗಾತಿಗೆ 2021ರ ನವೆಂಬರ್‌ನಿಂದ ಬೇರೆ ಅನುಮತಿ ಇಲ್ಲದೆಯೇ ಕೆಲಸದ ಹಕ್ಕಿದೆ. ಅಲ್ಲಿನ ಕಂಪನಿ ಕೆಲಸ ಕೊಟ್ಟು ಕರೆಸಿಕೊಳ್ಳುವ ಎಚ್-1ಬಿ ವೀಸಾದವರ ಸಂಗಾತಿಗೆ ಸಿಗುವ ಎಚ್-4 ಆದರೆ, ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟುವವರೆಗೆ ಮನೆಯಲ್ಲೇ ಇರಬೇಕು. ಸಿಂಗಾಪುರದಲ್ಲಿ 2021ರ ಮೇ ತಿಂಗಳಿಂದ ಡಿಪೆಂಡೆಂಟ್ ಪಾಸಿನವರು, ಅಂದರೆ ಜೊತೆಗೆ ಹೋದ ಸಂಗಾತಿ, ಕೆಲಸ ಮಾಡಲು ತಮ್ಮದೇ ವರ್ಕ್ ಪಾಸ್ ಪಡೆಯಬೇಕು. ಯುಎಇಯಲ್ಲಿ ಕೆಲಸ ಕೊಡುವವರು ಪರ್ಮಿಟ್ ಮಾಡಿಸಬೇಕು.

ಮನೆಯ ಹಿರಿಯರು ಹೇಗಿದ್ದಾರೆ, ರಾತ್ರಿ ಎರಡು ಗಂಟೆಗೆ ಎದೆ ನೋವು ಬಂದರೆ ಯಾರು ಓಡಿ ಬರುತ್ತಾರೆ? ಹೆಸರು ಹಿಡಿದು ಹೇಳಬೇಕು. "ಯಾರಾದರೂ ಬರ್ತಾರೆ" ಅನ್ನುವುದು ಉತ್ತರವಲ್ಲ.

ಕೊನೆಯದಾಗಿ, ಹೋಗುವುದು ಎಷ್ಟು ವರ್ಷಕ್ಕೆ? ಒಂದೂವರೆ ವರ್ಷದ ಪ್ರಾಜೆಕ್ಟಿಗೂ ಕಾಯಂ ಕೆಲಸಕ್ಕೂ ಉತ್ತರ ಬೇರೆ. ದುಡ್ಡನ್ನು ನಾನು ಮರೆತಿಲ್ಲ. ಅದು ಪ್ರತಿ ದಾರಿಯಲ್ಲೂ ಬೇರೆ ಬೇರೆ ಮುಖ ತೋರಿಸುತ್ತದೆ, ಅಲ್ಲಲ್ಲೇ ಹೇಳುತ್ತೇನೆ.

ಎಲ್ಲರೂ ಒಟ್ಟಿಗೆ ಹೊರಟರೆ

ಮಕ್ಕಳು ಚಿಕ್ಕವರಿದ್ದರೆ, ಜೊತೆಗೆ ಹೋಗುವವರಿಗೆ ಇಲ್ಲಿ ಬಿಡಲಾಗದ ಕೆಲಸ ಇಲ್ಲದಿದ್ದರೆ, ಕಂಪನಿ ಮೊದಲ ಕೆಲವು ವಾರಕ್ಕೆ ಮನೆ ಕೊಟ್ಟರೆ, ಇದೇ ಒಳ್ಳೆಯದು. ಮನಸ್ಸಿಗೆ ಎಷ್ಟು ಹಿತವೋ ಜೇಬಿಗೂ ಅಷ್ಟೇ ಹಿತ. ಎರಡು ಕಡೆ ಸಂಸಾರ ನಡೆಸುವ ಖರ್ಚಿಲ್ಲ. ವೀಸಾ ಅರ್ಜಿಯೂ ಒಂದೇ ಸಲಕ್ಕೆ ಮುಗಿಯುತ್ತದೆ.

ಜರ್ಮನಿಯಲ್ಲಂತೂ ಕುಟುಂಬ ಜೊತೆಗಿದ್ದರೆ ಲಾಭ ಜಾಸ್ತಿ. ಗಂಡ ಹೆಂಡತಿ ಇಬ್ಬರೂ ಅಲ್ಲೇ ಇದ್ದು ಒಬ್ಬರೇ ದುಡಿಯುತ್ತಿದ್ದರೆ ತಿಂಗಳ ತೆರಿಗೆ ಕಡಿತ ಚೆನ್ನಾಗಿ ಇಳಿಯುತ್ತದೆ. ಸಂಗಾತಿ ಭಾರತದಲ್ಲೇ ಉಳಿದರೆ ಮದುವೆಯಾಗಿದ್ದರೂ ಒಂಟಿ ಮನುಷ್ಯನ ಲೆಕ್ಕದಲ್ಲೇ ತೆರಿಗೆ ಹಿಡಿಯುತ್ತಾರೆ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ದುಡಿಮೆ ಇಲ್ಲದ ಸಂಗಾತಿಗೂ ಮಕ್ಕಳಿಗೂ ಬೇರೆ ಕಂತು ಇಲ್ಲ. ಪ್ರತಿ ಮಗುವಿಗೆ ಸರ್ಕಾರ ತಿಂಗಳಿಗೆ ಹಣ ಕೊಡುತ್ತದೆ, 2025ರಲ್ಲಿ ಅದು 255 ಯೂರೊ ಇತ್ತು. ಸರ್ಕಾರಿ ಶಾಲೆಗೆ ಫೀಸಿಲ್ಲ. ಮಗು ಬೆಂಗಳೂರಿನಲ್ಲಿದ್ದರೆ ಇದ್ಯಾವುದೂ ಸಿಗುವುದಿಲ್ಲ.

ಬ್ರಿಟನ್ನಿನ ಲೆಕ್ಕ ಬೇರೆ. ಅಲ್ಲಿ ವೀಸಾ ಜೊತೆಗೇ ಆರೋಗ್ಯ ಸೇವೆಯ ಶುಲ್ಕವನ್ನು ಪೂರ್ತಿ ಅವಧಿಗೆ ಮುಂಗಡ ಕಟ್ಟಬೇಕು. 2024ರ ಫೆಬ್ರುವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಮೂರು ವರ್ಷ ಅಂದರೆ 10,866 ಪೌಂಡ್. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷ ದಾಟುತ್ತದೆ, ವಿಮಾನ ಹತ್ತುವ ಮೊದಲೇ. ಇದನ್ನು ಕಂಪನಿ ಕೊಡುತ್ತದಾ, ಕೊಟ್ಟರೆ ನಿಮಗೊಬ್ಬರಿಗಾ ಇಡೀ ಕುಟುಂಬಕ್ಕಾ, ಆಫರ್ ಒಪ್ಪುವ ಮೊದಲು ಬರಹದಲ್ಲಿ ಕೇಳಿ. ಒಪ್ಪಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಆದರೆ ನಮ್ಮ ಮಕ್ಕಳು ಹೋಗುವುದು ಖಾಸಗಿ ಶಾಲೆಗೆ, ಫೀಸು ಕೈಯಿಂದಲೇ. ಮನೆ ಬಾಡಿಗೆಯನ್ನು ವರ್ಷಕ್ಕೆ ಒಂದೋ ಎರಡೋ ನಾಲ್ಕೋ ಚೆಕ್ಕಿನಲ್ಲಿ ಮೊದಲೇ ಬರೆದು ಕೊಡುವ ಪದ್ಧತಿ. ಸಂಬಳದ ಮೊತ್ತ ನೋಡಿ ಖುಷಿಪಡುವ ಮುಂಚೆ ಅದರಿಂದ ಬಾಡಿಗೆ, ಫೀಸು, ವರ್ಷಕ್ಕೊಮ್ಮೆ ಎಲ್ಲರೂ ಊರಿಗೆ ಬಂದು ಹೋಗುವ ಟಿಕೆಟ್ ಕಳೆಯಿರಿ. ಇಬ್ಬರು ಮಕ್ಕಳಿದ್ದರೆ ದುಬೈಯ ದೊಡ್ಡ ಸಂಬಳವೂ ಜರ್ಮನಿಯ ತೆರಿಗೆ ಕಳೆದ ಸಂಬಳವೂ ಕೊನೆಗೆ ಉಳಿತಾಯದಲ್ಲಿ ಹತ್ತಿರ ಹತ್ತಿರ ಬರುವುದುಂಟು.

ಒಟ್ಟಿಗೆ ಹೋಗುವುದರ ಕಷ್ಟ ಮೊದಲ ಎರಡು ತಿಂಗಳಲ್ಲಿದೆ. ಮನೆ ಹುಡುಕಬೇಕು, ಆದರೆ ಮಕ್ಕಳನ್ನು ಎಳೆದುಕೊಂಡು ಹುಡುಕಬೇಕು. ಅನೇಕ ಊರುಗಳಲ್ಲಿ ವಿಳಾಸ ಇಲ್ಲದೆ ಸರ್ಕಾರಿ ಶಾಲೆ ಸಿಗುವುದಿಲ್ಲ. ಮ್ಯೂನಿಕ್‌ನಲ್ಲಿ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ! ಬರೀ ಗೋಡೆ, ನೀರಿನ ಪೈಪು. ಸಿಂಕು, ಒಲೆ, ಕಪಾಟು ಎಲ್ಲ ನಾವೇ ತಂದು ಕೂರಿಸಬೇಕು. ಬಾಡಿಗೆಯ ಅಡ್ವಾನ್ಸ್ ಮೂರು ತಿಂಗಳಿಗಿಂತ ಜಾಸ್ತಿ ಕೇಳುವಂತಿಲ್ಲ ಅಂತ ಕಾನೂನಿದೆ, ನಮ್ಮ ಬೆಂಗಳೂರಿನವರಿಗೆ ಅದೊಂದು ಸಮಾಧಾನ.

ಒಬ್ಬರು ಮೊದಲು ಹೋದರೆ

ನಾವು ಆರಿಸಿದ್ದು ಇದನ್ನು. ಹೆಚ್ಚಿನ ಮನೆಗಳಿಗೆ ನಾನು ಹೇಳುವುದೂ ಇದನ್ನೇ, ಆದರೆ ಒಂದು ಷರತ್ತಿನ ಮೇಲೆ. ಉಳಿದವರು ಹೊರಡುವ ತಾರೀಕು ಮೊದಲೇ ಗೊತ್ತಿರಬೇಕು. "ಅವಳು ಹೋಗಿ ಸೆಟ್ಲ್ ಆಗಲಿ, ಆಮೇಲೆ ನೋಡೋಣ" ಅಂದರೆ ಆ ಆಮೇಲೆ ಬರುವುದೇ ಇಲ್ಲ. ಮನೆ ಸಿಗಲಿಲ್ಲ, ಪರೀಕ್ಷೆ ಬಂತು, ಹಬ್ಬ ಮುಗಿಯಲಿ ಅಂತ ಒಂದೂವರೆ ವರ್ಷ ಎಳೆದವರು ಇದ್ದಾರೆ. ಆರು ತಿಂಗಳು ಸಾಕು. ಏಳು ನಮಗೆ ಜಾಸ್ತಿಯೇ ಆಯಿತು.

ಆರು ಅನ್ನುವುದಕ್ಕೆ ಕಾರಣ ಇದೆ. ಜರ್ಮನಿಯಲ್ಲಿ ಹೊಸ ಕೆಲಸದ ಪ್ರೊಬೇಷನ್, ಅಂದರೆ ಪರೀಕ್ಷಾ ಅವಧಿ, ಹೆಚ್ಚೆಂದರೆ ಆರು ತಿಂಗಳು, ಅಷ್ಟರಲ್ಲಿ ಎರಡು ವಾರದ ನೋಟಿಸಿನಲ್ಲಿ ಕೆಲಸ ಹೋಗಬಹುದು. ಆಗ ಮಗಳ ಶಾಲೆ ಬಿಡಿಸಿ, ಮನೆ ಖಾಲಿ ಮಾಡಿ, ನಾನೂ ಕೆಲಸ ಬಿಟ್ಟು ಹೋಗಿದ್ದರೆ ಗತಿ ಏನಾಗುತ್ತಿತ್ತು? ನಮ್ಮ ಮನೆಯಲ್ಲಿ ಪ್ರೊಬೇಷನ್ ಮುಗಿಯುವುದೂ ಮಗಳ ಎರಡನೇ ಕ್ಲಾಸು ಮುಗಿಯುವುದೂ ಒಂದೇ ಹೊತ್ತಿಗೆ ಬಂತು. ನಿಮ್ಮಲ್ಲೂ ಇವೆರಡು ಕೂಡಿ ಬಂದರೆ ಕಣ್ಣು ಮುಚ್ಚಿಕೊಂಡು ಈ ದಾರಿ ಹಿಡಿಯಿರಿ.

ಆದರೆ ಆ ಆರು ತಿಂಗಳು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಗಳ ಶಾಲೆಗೆ ಎರಡು ಜಡೆ, ಕಪ್ಪು ರಿಬ್ಬನ್. ಬೈತಲೆ ನೇರ ಬರಬೇಕು. ಮೊದಲ ವಾರ ನನ್ನ ಅಮ್ಮ ಹಾಕಿದರು, ಅವರ ಬೆರಳಿನ ಸಂಧಿವಾತಕ್ಕೆ ಬಿಗಿ ಬರುತ್ತಿರಲಿಲ್ಲ, ಮಧ್ಯಾಹ್ನಕ್ಕೆ ಬಿಚ್ಚಿ ಹೋಗುತ್ತಿತ್ತು. ಆಮೇಲೆ ನಾನು ಕಲಿತೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟುಕೊಂಡು, ಭಾನುವಾರ ಮಧ್ಯಾಹ್ನ, ಹೆಂಡತಿ ಅಲ್ಲಿಂದ ಹೇಳಿಕೊಡುವುದು, ನಾನು ಇಲ್ಲಿ ಹೆಣೆಯುವುದು. ಮಗಳು ಅಲುಗಾಡದೆ ಕೂತಿರುತ್ತಿದ್ದಳು. ಅಷ್ಟು ಹೊತ್ತು ಅಮ್ಮನ ದನಿ ಕೇಳುತ್ತದಲ್ಲ ಅಂತ.

ಫೋನಿನ ಹೊತ್ತು ಸಣ್ಣ ವಿಷಯವಲ್ಲ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವಳು ಸಂಜೆ ಐದೂವರೆಗೆ ಮನೆ ಸೇರಿದರೆ ಇಲ್ಲಿ ಒಂಬತ್ತು, ಮಗಳು ಎಚ್ಚರ ಇರುತ್ತಿದ್ದಳು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ನಮಗೆ ಅದು ಗೊತ್ತೇ ಇರಲಿಲ್ಲ. ಅವಳು ಫೋನ್ ಮಾಡುವಾಗ ಇಲ್ಲಿ ಹತ್ತಾಗಿ ಮಗಳು ನಿದ್ದೆ. ನಾಲ್ಕು ದಿನ ಅಮ್ಮನನ್ನು ನೋಡದೆ ಮಗು ಐದನೇ ದಿನ ಊಟ ಬಿಟ್ಟಿತು. ಆಮೇಲೆ ಅವಳ ಊಟದ ವಿರಾಮಕ್ಕೆ ಬದಲಿಸಿದೆವು. ಅಲ್ಲಿ ಹನ್ನೆರಡೂವರೆ, ಇಲ್ಲಿ ಸಂಜೆ ಐದು, ಮಗಳು ಶಾಲೆಯಿಂದ ಬಂದು ಬೋರ್ನ್‌ವಿಟಾ ಕುಡಿಯುವ ಹೊತ್ತು. ಹೊರಡುವ ಮೊದಲೇ ಇಂಥದ್ದೊಂದು ಹೊತ್ತನ್ನು ಗೊತ್ತು ಮಾಡಿಕೊಳ್ಳಿ. ದುಬೈಗೆ ಬರೀ ಒಂದೂವರೆ ಗಂಟೆ ವ್ಯತ್ಯಾಸ, ಅವರಿಗೆ ಈ ತೊಂದರೆ ಇಲ್ಲ. ಅಮೆರಿಕದವರು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚಿನ ಹದಿನೈದು ನಿಮಿಷ ಹಿಡಿದಿಡಬೇಕಾಗುತ್ತದೆ.

ಮೊದಲು ಹೋದವರು ಅಲ್ಲಿ ಸುಮ್ನೆ ದಿನ ಎಣಿಸುವುದಲ್ಲ. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಹಿಡಿಯಬೇಕು, ಮಕ್ಕಳ ಡಾಕ್ಟರನ್ನು ನೋಡಿಟ್ಟಿರಬೇಕು. ನನ್ನ ಹೆಂಡತಿ ಹದಿನಾಲ್ಕು ಮನೆ ನೋಡಿದಳು. ಮಗುವನ್ನು ಕರೆದುಕೊಂಡು ಆ ಚಳಿಯಲ್ಲಿ ಅದು ಸಾಧ್ಯವೇ ಇರಲಿಲ್ಲ.

ಇಲ್ಲಿ ಉಳಿದವರ ಕೆಲಸ ಕಾಗದಪತ್ರ. ಇದಕ್ಕೇ ಮೂರು ತಿಂಗಳು ಬೇಕು ಅಂದುಕೊಳ್ಳಿ. ಮಗುವಿನ ಜನನ ಪ್ರಮಾಣಪತ್ರ ತೆಗೆದು ನೋಡಿ, ಅದರಲ್ಲಿ ಮಗುವಿನ ಹೆಸರೇ ಇರದೆ ಬರೀ ಹೆಣ್ಣು ಅಥವಾ ಗಂಡು ಅಂತ ಇರುವುದು ಎಷ್ಟೋ ಮನೆಗಳಲ್ಲಿದೆ. ನಾಮಕರಣ ಆದ ಮೇಲೆ ಯಾರೂ ಹೋಗಿ ಸೇರಿಸಿರುವುದಿಲ್ಲ. ಮದುವೆ ನೋಂದಣಿ ಆಗಿದೆಯಾ? ಛತ್ರದ ರಸೀದಿ, ಲಗ್ನಪತ್ರಿಕೆ, ಫೋಟೊ ಇಟ್ಟುಕೊಂಡು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲಾದರೂ ಮಾಡಿಸಿ. ಯುಎಇಗೆ ಹೋಗುವವರು ಈ ಪತ್ರಗಳಿಗೆ ರಾಜ್ಯ ಸರ್ಕಾರದಿಂದ ವಿದೇಶಾಂಗ ಸಚಿವಾಲಯದವರೆಗೆ, ಆಮೇಲೆ ಆ ದೇಶದ ರಾಯಭಾರ ಕಚೇರಿಯಿಂದ, ಮುದ್ರೆ ಮೇಲೆ ಮುದ್ರೆ ಹಾಕಿಸಬೇಕು.

ನಮ್ಮವರಿಗೆ ಮಾತ್ರ ಬರುವ ಒಂದು ತಾಪತ್ರಯ ಹೆಸರಿನದು. ನಮಗೆ ಅಡ್ಡಹೆಸರು ಇರುವುದಿಲ್ಲ, ಇನಿಶಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿನವರನ್ನು ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ಇನಿಶಿಯಲ್ಲನ್ನು ಬಿಡಿಸಿ ತಂದೆಯ ಹೆಸರೋ ಊರಿನ ಹೆಸರೋ ಪೂರ್ತಿ ಬರುವಂತೆ, ಮನೆಮಂದಿಗೆಲ್ಲ ಒಂದೇ ರೀತಿ, ಮೊದಲೇ ಸರಿ ಮಾಡಿಸಿಕೊಳ್ಳಿ. ಹದಿನೆಂಟರೊಳಗಿನ ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ ಐದೇ ವರ್ಷ, ತಾರೀಕು ನೋಡಿ.

ಮಗುವಿನ ಲಸಿಕೆ ಕಾರ್ಡ್ ಬ್ಯಾಗಿನ ತಳಕ್ಕೆ ಹಾಕಬೇಡಿ. ಜರ್ಮನಿಯಲ್ಲಿ ದಡಾರದ ಲಸಿಕೆ ಆಗಿದೆ ಅಂತ ತೋರಿಸದೆ ಮಕ್ಕಳು ಶಾಲೆಗೆ ಸೇರುವಂತಿಲ್ಲ, 2020ರಿಂದ ಅದು ಕಾನೂನು. ಟಿಸಿಗೆ ಒಂದು ತಿಂಗಳು ಮೊದಲೇ ಅರ್ಜಿ ಕೊಡಿ. ನಮ್ಮ ಮಗಳ ಶಾಲೆಯವರು ಕೊನೆ ಗಳಿಗೆಯವರೆಗೆ ಓಡಾಡಿಸಿದರು. ವಿಮಾನದ ಹಿಂದಿನ ದಿನ ಸಂಜೆ ಕೈಗೆ ಬಂತು.

ಇಲ್ಲೇ ಉಳಿದರೆ

ಆ ದುಬೈ ಮನೆಯ ಅತ್ತೆ ಹೇಳುವುದರಲ್ಲಿ ಅರ್ಥ ಇಲ್ಲ ಅನ್ನಬೇಡಿ. ಕರಾವಳಿಯಲ್ಲಿ, ಮಂಗಳೂರು, ಉಡುಪಿ, ಭಟ್ಕಳದ ಕಡೆ, ಗಂಡ ಗಲ್ಫಿನಲ್ಲಿ, ಮನೆಮಂದಿ ಊರಲ್ಲಿ ಅಂತ ಎಷ್ಟೋ ಸಂಸಾರ ದಶಕಗಟ್ಟಲೆ ನಡೆದಿವೆ. ಬೆಂಗಳೂರಿನಿಂದ ದುಬೈ ನಾಲ್ಕು ಗಂಟೆ ದಾರಿ. ಶುಕ್ರವಾರ ರಾತ್ರಿ ಹೊರಟು ಬಂದು ಭಾನುವಾರ ಹಿಂತಿರುಗಬಹುದು. ಹೋಗುವುದು ಒಂದೆರಡು ವರ್ಷಕ್ಕೆ ಮಾತ್ರ, ಮಗು ಒಂಬತ್ತರಿಂದ ಹನ್ನೆರಡರ ಮಧ್ಯೆ, ಇಲ್ಲಿ ಉಳಿಯುವವರಿಗೆ ಗಟ್ಟಿ ಕೆಲಸ, ಹಿರಿಯರಿಗೆ ಆರೋಗ್ಯ ಸರಿ ಇಲ್ಲ. ಇವುಗಳಲ್ಲಿ ಎರಡಾದರೂ ನಿಮ್ಮ ಮನೆಗೆ ಹೊಂದಿದರೆ ಉಳಿಯುವುದೇ ಸರಿ. ಅದಕ್ಕೆ ಯಾರೂ ಅಪರಾಧಿ ಅಂದುಕೊಳ್ಳಬೇಕಾಗಿಲ್ಲ.

ದುಡ್ಡಿನ ಲೆಕ್ಕದಲ್ಲಿ ಗಲ್ಫಿಗೆ ಇದು ಕೂಡುತ್ತದೆ, ಅಲ್ಲಿ ಶಾಲೆ ಫೀಸೂ ದೊಡ್ಡ ಮನೆಯೂ ಉಳಿಯುತ್ತವೆ. ಜರ್ಮನಿಗೆ ಕೂಡುವುದಿಲ್ಲ, ಮೇಲೆ ಹೇಳಿದ ತೆರಿಗೆಯ ಕಾರಣಕ್ಕೆ. ಇನ್ನೊಂದು ವಿಷಯ ಗಮನಿಸಿ. ಯುಎಇಯ ಕುಟುಂಬ ವೀಸಾ ಮಾಡಿಸಿಟ್ಟುಕೊಂಡು ಊರಲ್ಲೇ ಇರುವವರು, ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಆ ದೇಶದ ಹೊರಗಿದ್ದರೆ ವೀಸಾ ಕೈಬಿಟ್ಟು ಹೋಗುತ್ತದೆ. ದಸರಾ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಹೋಗಿ ಬಂದರೆ ಅದೂ ಉಳಿಯುತ್ತದೆ, ಮಕ್ಕಳಿಗೆ ಅಪ್ಪನ ಜೊತೆ ಇದ್ದ ಹಾಗೂ ಆಗುತ್ತದೆ.

ಎರಡು ವರ್ಷ ದಾಟುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಈ ದಾರಿ ಬೇಡ ಅನ್ನುತ್ತೇನೆ. ಏಳು ತಿಂಗಳಲ್ಲೇ ನನ್ನ ಮಗಳು ಏನಾದರೂ ಬೇಕಾದರೆ ಅಮ್ಮನನ್ನು ಕೇಳುವುದು ಬಿಟ್ಟಿದ್ದಳು. ಮ್ಯೂನಿಕ್ ಮನೆಯಲ್ಲಿ ಮೊದಲ ದಿನ ಅಮ್ಮ ಪಕ್ಕದಲ್ಲೇ ನಿಂತಿದ್ದರೂ, ನೀರು ಬೇಕು ಅಂತ ನನ್ನ ಹತ್ತಿರ ಬಂದಳು. ನನ್ನ ಹೆಂಡತಿ ಆ ಲೋಟ ತುಂಬಿಸಿ ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು. ಮತ್ತೆ ಮೊದಲಿನ ಹಾಗೆ ಆಗಲು ಒಂದು ಬೇಸಿಗೆ ಬೇಕಾಯಿತು.

ಹಿರಿಯರ ಮಾತು

ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಭೇಟಿಗೆ ಬರಬಹುದು. ಜರ್ಮನಿಗಾದರೆ 180 ದಿನಗಳಲ್ಲಿ 90 ದಿನ, ಬ್ರಿಟನ್, ಅಮೆರಿಕಕ್ಕೆ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳವರೆಗೆ. 2024ರ ಮಾರ್ಚ್‌ನಿಂದ ಈಚೆಗೆ ಮೊದಲ ಬಾರಿ ವಾಸದ ಪರವಾನಗಿ ಪಡೆದ ಪರಿಣತ ಕೆಲಸಗಾರರು ಜರ್ಮನಿಗೆ ತಂದೆತಾಯಿಯನ್ನು ಕರೆಸಿಕೊಳ್ಳುವ ದಾರಿ ತೆರೆದಿದೆ, ಆದರೆ ಅವರ ಆರೋಗ್ಯ ವಿಮೆ ಸಿಗುವುದೇ ಕಷ್ಟ. ಸಿಂಗಾಪುರದಲ್ಲಿ ಅದಕ್ಕೆ ತಿಂಗಳ ಸಂಬಳ 12,000 ಡಾಲರ್ ಇರಬೇಕು. ಅಲ್ಲಿನ ಡಾಲರ್.

ನನ್ನ ಅಮ್ಮ ಬರಲಿಲ್ಲ. ಗವಿಗಂಗಾಧರೇಶ್ವರ ದೇವಸ್ಥಾನ, ಗಾಂಧಿ ಬಜಾರಿನ ಹೂವು, ಮಹಡಿ ಮನೆಯವರ ಮಾತು ಬಿಟ್ಟು ಇರಲಾರೆ ಅಂದರು. ಬನಶಂಕರಿಯಲ್ಲಿ ತಂಗಿ ಇದ್ದದ್ದರಿಂದ ನಾವು ಹೊರಟೆವು. ತಂಗಿ ಇಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ.

ಮನೆ, ಸಾಮಾನು

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟರೆ ಮನೆ ಉಸಿರಾಡುತ್ತದೆ, ಬೀಗ ಹಾಕಿಟ್ಟರೆ ಗೋಡೆ ತೇವ ಹಿಡಿದು ಸಂಪಿನ ಮೋಟರ್ ಕೆಡುತ್ತದೆ. ಆದರೆ ನೀವು ಎನ್‌ಆರ್‌ಐ ಆದ ಮೇಲೆ ಬಾಡಿಗೆದಾರರು ಬಾಡಿಗೆಯಲ್ಲಿ 31.2 ಶೇಕಡಾ ಟಿಡಿಎಸ್, ಅಂದರೆ ತೆರಿಗೆಯನ್ನು ಮೊದಲೇ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು, ಆದರೂ ಮೊದಲೇ ಅವರಿಗೆ ತಿಳಿಸಿ. ಉಳಿತಾಯ ಖಾತೆಯನ್ನು ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆ ಮಾಡಿಸಬೇಕು. ನಂಬಿಕೆಯವರಿಗೆ ಕೊಡುವ ಪವರ್ ಆಫ್ ಅಟಾರ್ನಿಯನ್ನು ಇಲ್ಲಿದ್ದಾಗಲೇ ಮಾಡಿಸಿ. ಅಲ್ಲಿಂದ ಮಾಡಿಸಬೇಕಾದರೆ ರಾಯಭಾರ ಕಚೇರಿಗೆ ರಜೆ ಹಾಕಿ ಹೋಗಬೇಕು. ಕೆಲಸಕ್ಕೆಂದು ಹೊರಡುವವರು ಸೆಪ್ಟೆಂಬರ್ ಕೊನೆಯ ವಾರದ ಮುಂಚೆ ಹೊರಟು, ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿದ್ದ ದಿನ 182 ಮುಟ್ಟದಂತೆ ನೋಡಿಕೊಂಡರೆ, ಆ ವರ್ಷವೇ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ ಆಗುತ್ತಾರೆ. ಅಕ್ಟೋಬರ್‌ಗೆ ಹೊರಡುವುದಾದರೆ ಒಬ್ಬ ಆಡಿಟರನ್ನು ಕೇಳಿಯೇ ಟಿಕೆಟ್ ತೆಗೆಯಿರಿ.

ಮಿಕ್ಸಿ ಯುರೋಪ್, ದುಬೈ, ಸಿಂಗಾಪುರಕ್ಕೆ ಒಯ್ಯಿರಿ, ಕರೆಂಟು ನಮ್ಮದರ ಹಾಗೇ. ಪ್ಲಗ್ ಬದಲಿಸಿದರೆ ಸಾಕು. ಅಮೆರಿಕಕ್ಕೆ ಬೇಡ, ಅಲ್ಲಿ 120 ವೋಲ್ಟು. ತುಪ್ಪ, ಪೇಡ, ಹಾಲಿನ ಸಿಹಿ ಯಾವುದನ್ನೂ ಯುರೋಪಿಗೆ ಒಯ್ಯುವಂತಿಲ್ಲ. ಗಸಗಸೆಯನ್ನು ಮರೆತೂ ದುಬೈಗೆ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಅತ್ತೆ ಕಟ್ಟಿಕೊಟ್ಟ ಸಾಂಬಾರ್ ಪುಡಿಯ ಡಬ್ಬಿಯನ್ನೂ ಬಿಚ್ಚಿ ನೋಡಿ. ಮಾತ್ರೆಗಳಿಗೆ ಡಾಕ್ಟರ ಚೀಟಿ ಜೊತೆಗಿರಲಿ.

ಆ ದುಬೈ ಮನೆಯವರಿಗೆ ನಾನು ಹೇಳಿದ್ದು ಹೀಗೆ. ಗಂಡ ಈಗಲೇ ಒಬ್ಬರೇ ಹೋಗಲಿ. ಮಗ ಸಿಬಿಎಸ್‌ಇ, ಒಂಬತ್ತರ ನೋಂದಣಿ ಇಲ್ಲೇ ಆಗುತ್ತದೆ, ಹತ್ತನ್ನೂ ಇಲ್ಲೇ ಮುಗಿಸಲಿ. ಹನ್ನೊಂದಕ್ಕೆ ಅಲ್ಲಿನ ಶಾಲೆ ಏಪ್ರಿಲ್‌ನಲ್ಲಿ ಶುರುವಾಗುವಾಗ ಹೋಗಿ ಸೇರಲಿ. ಅಷ್ಟರವರೆಗೆ ಆಕೆ ಬ್ಯಾಂಕ್ ಕೆಲಸ ಬಿಡುವುದು ಬೇಡ. ಆಮೇಲೆ ಸಂಬಳವಿಲ್ಲದ ರಜೆ ಸಿಗುತ್ತದಾ ಅಂತ ಈಗಲೇ ಬರಹದಲ್ಲಿ ಕೇಳಲಿ. ಅತ್ತೆಗೂ ಇನ್ನೊಂದೂವರೆ ವರ್ಷ ಸಿಗುತ್ತದೆ. ಅಷ್ಟರಲ್ಲಿ ಅವರು ಒಮ್ಮೆ ದುಬೈ ನೋಡಿ ಬರಲಿ.

"ಒಂದೂವರೆ ವರ್ಷ ಜಾಸ್ತಿ ಆಯ್ತು ಅಲ್ವಾ?" ಅಂದರು ಗಂಡ. ಹೌದು, ಜಾಸ್ತಿ. ನಾನು ಹೇಳಿದ ಆರು ತಿಂಗಳ ಗೆರೆ ದಾಟುತ್ತದೆ. ಆದರೆ ಅವರ ಮನೆಯಲ್ಲಿ ಎಲ್ಲರಿಗಿಂತ ಕಷ್ಟ ಆಗುವುದು ಆ ಹುಡುಗನಿಗೆ. ಅವನನ್ನು ಯಾರಾದರೂ ಕೇಳಿದ್ದೀರಾ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಕೆ ಕಾಫಿ ಲೋಟ ಕೆಳಗಿಟ್ಟು, "ಇವತ್ತು ಸಂಜೆ ಕೇಳ್ತೀವಿ," ಅಂದರು.